ಮಿಲ್ಟನ್‌ನಲ್ಲಿ ಮನೆ: ಕ್ಯಾಥೊಲಿಕ್ ಶಾಲೆ ನೋಡಿ ಕೊಳ್ಳುವುದೋ, ಪಬ್ಲಿಕ್ ಶಾಲೆ ನೋಡಿಯೋ?

ಪ್ರಶ್ನೆ: ನಾವು ಕೆನಡಾದ ಒಂಟಾರಿಯೊದಲ್ಲಿ, ಟೊರಾಂಟೊ ಪಕ್ಕದ ಮಿಸ್ಸಿಸಾಗದಲ್ಲಿ ಬಾಡಿಗೆಗಿದ್ದೇವೆ. ನಾನು ಮಂಗಳೂರಿನ ಕ್ಯಾಥೊಲಿಕ್, ಹೆಂಡತಿ ಶಿವಮೊಗ್ಗದ ಹಿಂದೂ ಮನೆತನದವಳು. ಮಗಳು ಪಬ್ಲಿಕ್ ಶಾಲೆಯಲ್ಲಿ 4ನೇ ತರಗತಿ. ಮಗನಿಗೆ ಮೂರೂವರೆ ವರ್ಷ, ಬರುವ ಸೆಪ್ಟೆಂಬರಿಗೆ ಜೆಕೆ, ಎಂದರೆ ಜೂನಿಯರ್ ಕಿಂಡರ್‌ಗಾರ್ಟನ್. ಇಬ್ಬರಿಗೂ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿಲ್ಲ. ಪಕ್ಕದ ಮಿಲ್ಟನ್ ಪಟ್ಟಣದಲ್ಲಿ ಎರಡು ಟೌನ್‌ಹೌಸ್ ನೋಡಿದ್ದೇವೆ. ಒಂದರ ಹತ್ತಿರ ಒಳ್ಳೆಯ ರೇಟಿಂಗ್ ಇರುವ ಕ್ಯಾಥೊಲಿಕ್ ಶಾಲೆ ಇದೆ, ಅದಕ್ಕೇ ಬೆಲೆ ಜಾಸ್ತಿ. ಇನ್ನೊಂದು ಹೊಸ ಬಡಾವಣೆಯಲ್ಲಿ, ಎದುರಿಗೇ ಪಬ್ಲಿಕ್ ಶಾಲೆಗೆಂದು ಬಿಟ್ಟ ಸೈಟು. "ಕ್ಯಾಥೊಲಿಕ್ ಶಾಲೆ ಅಂದ್ರೆ ಶಿಸ್ತು, ಮನೆ ರೇಟೂ ಬೀಳಲ್ಲ" ಅಂತಾರೆ ಏಜೆಂಟ್. ಮಕ್ಕಳ ಮೇಲೆ ಧರ್ಮದ ಒತ್ತಡ ಬೀಳುತ್ತದೇನೋ ಎಂದು ಹೆಂಡತಿಗೆ ಅಳುಕು. ಯಾವುದನ್ನು ಆರಿಸೋಣ?

ಉತ್ತರ: ಮೊದಲ ಮನೆಗೆ ಶಾಲೆಯ ಹೆಸರಿನಲ್ಲಿ ಕೇಳುತ್ತಿರುವ ಹೆಚ್ಚುವರಿ ದುಡ್ಡನ್ನು ಕೊಡಬೇಡಿ. ಎರಡನೆಯ ಮನೆಯ ಎದುರಿನ ಖಾಲಿ ಸೈಟನ್ನು ಶಾಲೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಈ ಎರಡನ್ನು ತೆಗೆದ ಮೇಲೆ ಉಳಿಯುವುದು ನಿಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಂಗಳೂರಿನಿಂದ ಬಂದವರ ತಲೆಯಲ್ಲಿ ಕ್ಯಾಥೊಲಿಕ್ ಶಾಲೆ ಎಂದರೆ ಸಂತ ಅಲೋಶಿಯಸ್, ಸಂತ ಆಗ್ನೆಸ್‌ನಂಥ ಚಿತ್ರ ಇರುತ್ತದೆ. ನಡೆಸುವವರು ಪಾದ್ರಿಗಳು, ಸಿಸ್ಟರುಗಳು; ಬೆಂಚಿನ ಮೇಲೆ ಮಾತ್ರ ಬಂಟರ, ಬ್ಯಾರಿಗಳ, ಕೊಂಕಣಿಗರ ಮಕ್ಕಳೆಲ್ಲ ಒಟ್ಟಿಗೆ. ಸೀಟು ಸಿಕ್ಕರೆ ಸಾಕು, ಯಾವ ಜಾತಿ ಯಾವ ಧರ್ಮ ಎಂದು ತಡೆಯುವವರಿಲ್ಲ. ಒಂಟಾರಿಯೊದಲ್ಲಿ ಇದು ತಿರುಗುಮುರುಗು. ಇಲ್ಲಿ ಕ್ಯಾಥೊಲಿಕ್ ಶಾಲೆಯೂ ಪೂರ್ತಿ ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ, ಒಂದು ಡಾಲರ್ ಫೀಸಿಲ್ಲ. ಆದರೆ 8ನೇ ತರಗತಿಯವರೆಗೆ ಬಾಗಿಲಲ್ಲಿ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳುತ್ತಾರೆ. ಊರಿನಲ್ಲಿ "ಸರ್ಕಾರಿ ಶಾಲೆಗೆ ಹಾಕ್ತೀರಾ?" ಎಂದು ನೆಂಟರು ಹುಬ್ಬೇರಿಸುವುದನ್ನು ನೋಡಿ ಬಂದವರು ಇಲ್ಲಿನ ಪಬ್ಲಿಕ್ ಶಾಲೆಯನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಎರಡೂ ಸರ್ಕಾರಿ ಶಾಲೆಗಳೇ. ಪಠ್ಯಕ್ರಮ ಪ್ರಾಂತ್ಯದ್ದು, ಅನುದಾನ ತಲೆ ಲೆಕ್ಕದ್ದು, ಟೀಚರಿಗೆ ಬೇಕಾದ ಅರ್ಹತಾಪತ್ರವೂ ಒಂದೇ. ಎಷ್ಟೋ ಬಡಾವಣೆಗಳಲ್ಲಿ ಎರಡು ಶಾಲೆಗಳು ಒಂದೇ ಪಾರ್ಕಿನ ಎರಡು ಬದಿಗೆ ನಿಂತಿರುತ್ತವೆ.

ಹೀಗೇಕೆ ಎಂದರೆ, 1867ರಲ್ಲಿ ಕೆನಡಾ ಒಂದು ದೇಶವಾಗುವಾಗ ಆದ ರಾಜಿ. ಆಗಿನ ಸಂವಿಧಾನದ 93ನೇ ಸೆಕ್ಷನ್ನು ಒಂಟಾರಿಯೊದ ಕ್ಯಾಥೊಲಿಕರಿಗೂ ಕ್ವಿಬೆಕ್‌ನ ಪ್ರಾಟೆಸ್ಟಂಟರಿಗೂ ತಮ್ಮ ಶಾಲೆ ಉಳಿಸಿಕೊಳ್ಳುವ ಹಕ್ಕು ಕೊಟ್ಟಿತು. ಕ್ವಿಬೆಕ್ 1997ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿಸಿಕೊಂಡು ಇದರಿಂದ ಹೊರಬಂತು, ಮರುವರ್ಷ ನ್ಯೂಫೌಂಡ್‌ಲ್ಯಾಂಡೂ ತನ್ನಲ್ಲಿದ್ದ ಇಂಥದೇ ವ್ಯವಸ್ಥೆಯಿಂದ ಹೊರಬಂತು. ಒಂಟಾರಿಯೊ ಉಳಿಸಿಕೊಂಡಿದ್ದಷ್ಟೇ ಅಲ್ಲ, ಬೆಳೆಸಿತು. ಕ್ಯಾಥೊಲಿಕ್ ಹೈಸ್ಕೂಲಿಗೆ ಕೊನೆಯ ತರಗತಿಯವರೆಗೂ ಅನುದಾನ ಕೊಡುವುದಾಗಿ 1984ರಲ್ಲಿ ಪ್ರೀಮಿಯರ್, ಎಂದರೆ ಪ್ರಾಂತ್ಯದ ಮುಖ್ಯಮಂತ್ರಿ, ಬಿಲ್ ಡೇವಿಸ್ ಘೋಷಿಸಿದರು, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದೇ ಧರ್ಮಕ್ಕೆ ದುಡ್ಡು ಕೊಡುವುದು ತಾರತಮ್ಯ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1999ರಲ್ಲಿ ಹೇಳಿದರೂ ಏನೂ ಬದಲಾಗಲಿಲ್ಲ. 2007ರ ಪ್ರಾಂತ್ಯದ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕ ಜಾನ್ ಟೋರಿ ಬೇರೆ ಧರ್ಮಗಳ ಶಾಲೆಗಳಿಗೂ ಅನುದಾನ ಕೊಡುತ್ತೇನೆಂದು ಹೊರಟು ಸೋತರು. ಆಮೇಲೆ ದೊಡ್ಡ ಪಕ್ಷಗಳು ಈ ಜೇನುಗೂಡಿಗೆ ಕೈ ಹಾಕಿಲ್ಲ. ಎರಡೂ ವ್ಯವಸ್ಥೆಗಳನ್ನು ಒಂದು ಮಾಡಬೇಕೆಂಬ ಕೂಗು ಆಗಾಗ ಏಳುತ್ತದೆ. ಅದನ್ನು ನಂಬಿಯೋ ಅದಕ್ಕೆ ಹೆದರಿಯೋ ಮನೆ ಕೊಳ್ಳುವ ಅಗತ್ಯವಿಲ್ಲ.

ಈಗ ನಿಮ್ಮ ಮಕ್ಕಳಿಗೆ ಯಾವ ಬಾಗಿಲು ತೆರೆದಿದೆ ಎಂದು ನೋಡೋಣ. ಪಬ್ಲಿಕ್ ಶಾಲೆಗೆ ವಿಳಾಸದ ದಾಖಲೆ ಸಾಕು. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗೆ ವಿಳಾಸದ ಜೊತೆ ಕ್ಯಾಥೊಲಿಕ್ ಎಂಬ ದಾಖಲೆಯೂ ಬೇಕು. ಮಗುವಿನ ಸರ್ಟಿಫಿಕೇಟ್ ಇಲ್ಲದಿದ್ದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಆದರೆ ಷರತ್ತು ಬೋರ್ಡಿನಿಂದ (ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಮಂಡಳಿಯಿಂದ) ಬೋರ್ಡಿಗೆ ಬೇರೆ. ನೀವೀಗ ಇರುವ ಮಿಸ್ಸಿಸಾಗ ಡಫರಿನ್-ಪೀಲ್ ಕ್ಯಾಥೊಲಿಕ್ ಬೋರ್ಡಿಗೆ ಸೇರಿದ್ದು, ಮಿಲ್ಟನ್ ಹಾಲ್ಟನ್ ಕ್ಯಾಥೊಲಿಕ್ ಬೋರ್ಡಿಗೆ. ಮಿಸ್ಸಿಸಾಗದ ಗೆಳೆಯರು "ನಮಗೆ ಸಿಕ್ತು, ನಿಮಗೂ ಸಿಗುತ್ತೆ" ಎಂದದ್ದು ಮಿಲ್ಟನ್‌ನಲ್ಲಿ ನಡೆಯಲೇಬೇಕೆಂದಿಲ್ಲ. ಹಾಲ್ಟನ್ ಬೋರ್ಡಿನ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು, "ಮಕ್ಕಳಿಗೆ ದೀಕ್ಷಾಸ್ನಾನ ಆಗಿಲ್ಲ, ತಂದೆಗೆ ಆಗಿದೆ" ಎಂಬ ನಿಮ್ಮ ಸಂಗತಿಯನ್ನೇ ಇಟ್ಟು ಉತ್ತರ ತರಿಸಿಕೊಳ್ಳಿ. ಮನೆಗೆ ಆಫರ್ ಹಾಕುವುದು ಅದಾದ ಮೇಲೆ.

ನಮ್ಮ ಕಡೆಯ ಬೇರೆ ಓದುಗರಿಗಾಗಿ ಒಂದು ಮಾತು. ರೋಮಿನ ಜೊತೆ ಐಕ್ಯದಲ್ಲಿರುವ ಪೂರ್ವ ಸಂಪ್ರದಾಯದವರು, ಎಂದರೆ ಸಿರೋ ಮಲಬಾರ್‌ನಂಥವರು, ಇಲ್ಲಿ ಕ್ಯಾಥೊಲಿಕರೇ. ಅವರ ಧರ್ಮಪ್ರಾಂತ್ಯದ ಪೀಠವೇ ಮಿಸ್ಸಿಸಾಗದಲ್ಲಿದೆ. ಮಂಗಳೂರು ಬಲ್ಮಠದ ಸಿಎಸ್‌ಐ, ಎಂದರೆ ಪ್ರಾಟೆಸ್ಟಂಟ್, ಚರ್ಚಿನ ಸರ್ಟಿಫಿಕೇಟ್ ಮಾತ್ರ ಪ್ರಾಥಮಿಕ ಶಾಲೆಗೆ ಸಾಮಾನ್ಯವಾಗಿ ನಡೆಯುವುದಿಲ್ಲ. "ನಾವೂ ಕ್ರೈಸ್ತರಲ್ವಾ?" ಎಂದು ಕೌಂಟರಿನಲ್ಲಿ ವಾದ ಮಾಡಿ ಉಪಯೋಗವಿಲ್ಲ.

9ನೇ ತರಗತಿಗೆ ಬಂದರೆ ಆಟವೇ ಬೇರೆ. ಕ್ಯಾಥೊಲಿಕ್ ಹೈಸ್ಕೂಲಿನ ಬಾಗಿಲು ಕಾನೂನಿನ ಪ್ರಕಾರ ಎಲ್ಲರಿಗೂ ತೆರೆದಿದೆ. ಹಿಂದೂ, ಮುಸ್ಲಿಂ, ಯಾವ ಧರ್ಮವೂ ಬೇಡವೆನ್ನುವವರು ಎಲ್ಲರೂ ಸೇರಬಹುದು. ಹಾಗೆ ಸೇರಿದ ಬೇರೆ ಧರ್ಮದ ವಿದ್ಯಾರ್ಥಿ ಧರ್ಮದ ತರಗತಿಯಿಂದ ವಿನಾಯಿತಿ ಕೇಳಬಹುದು, ಇದು ಶಿಕ್ಷಣ ಕಾಯ್ದೆಯಲ್ಲೇ ಇದೆ. ವಿನಾಯಿತಿ ಎಂದರೆ ಪಾಠಕ್ಕೆ ಮಾತ್ರವಲ್ಲ, ಶಾಲೆಯ ಪೂಜೆ, ಧ್ಯಾನಶಿಬಿರಗಳಿಗೂ ಅನ್ವಯಿಸುತ್ತದೆ ಎಂದು 2014ರಲ್ಲಿ ಡಫರಿನ್-ಪೀಲ್ ಬೋರ್ಡಿನ ಪ್ರಕರಣದಲ್ಲಿ ಕೋರ್ಟು ತೀರ್ಪು ಕೊಟ್ಟಿತು. ನಿಮ್ಮ ಮಗಳಿಗೆ ಇದರಿಂದ ಒಂದು ಅನುಕೂಲ: ಈಗ ಪಬ್ಲಿಕ್ ಶಾಲೆಯಲ್ಲೇ ಮುಂದುವರಿದರೂ 9ಕ್ಕೆ ಬೇಕೆಂದರೆ ಅವಳೇ ಕ್ಯಾಥೊಲಿಕ್ ಹೈಸ್ಕೂಲು ಆರಿಸಿಕೊಳ್ಳಬಹುದು. ಇವತ್ತು ಬಾಗಿಲು ಮುಚ್ಚಿ ಹೋಗುತ್ತದೆ ಎಂಬ ಆತುರ ಅವಳ ವಿಷಯದಲ್ಲಿ ಬೇಡ. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಾಗಿ ಮನೆಗೆ ಜಾಸ್ತಿ ಕೊಟ್ಟರೆ ನೀವು ಕೊಳ್ಳುತ್ತಿರುವುದು ಮಗನ ಹತ್ತು ವರ್ಷ, ಮಗಳ ನಾಲ್ಕು ವರ್ಷ ಮಾತ್ರ. ಅದೂ ಪ್ರವೇಶ ಸಿಕ್ಕಿದರೆ.

ಇನ್ನು ರೇಟಿಂಗು. ಏಜೆಂಟ್ ತೋರಿಸಿದ ಹತ್ತಕ್ಕೆ ಇಷ್ಟು ಎಂಬ ಅಂಕ ಹೆಚ್ಚಿನಂಶ ಫ್ರೇಸರ್ ಇನ್‌ಸ್ಟಿಟ್ಯೂಟಿನದು. ಅದು ವ್ಯಾಂಕೂವರ್ ಮೂಲದ ಒಂದು ಚಿಂತಕರ ಕೂಟ, ಸರ್ಕಾರದ ಇಲಾಖೆಯಲ್ಲ. ಅಂಕ ಹುಟ್ಟುವುದು ಇ.ಕ್ಯೂ.ಎ.ಓ. ಎಂಬ ಪ್ರಾಂತ್ಯದ ಪರೀಕ್ಷೆಯಿಂದ: 3 ಮತ್ತು 6ನೇ ತರಗತಿಯಲ್ಲಿ ಓದು, ಬರಹ, ಗಣಿತ. ಒಂದು ಶಾಲೆಯಲ್ಲಿ 6ನೇ ತರಗತಿಗೆ ಐವತ್ತೋ ಅರವತ್ತೋ ಮಕ್ಕಳಿದ್ದಾರೆ ಎನ್ನಿ. ಆ ವರ್ಷ ಹೊಸದಾಗಿ ದೇಶಕ್ಕೆ ಬಂದ ಎಂಟು ಮಕ್ಕಳು ಸೇರಿಕೊಂಡರೆ ಅಂಕ ಜಾರುತ್ತದೆ, ಮರುವರ್ಷ ಏರುತ್ತದೆ. ಶಾಲೆಯಲ್ಲಿ ಏನೂ ಬದಲಾಗಿರುವುದಿಲ್ಲ. ಈ ಅಂಕ ಮುಖ್ಯವಾಗಿ ಹೇಳುವುದು ಸುತ್ತಲ ಮನೆಗಳ ಅಪ್ಪ ಅಮ್ಮಂದಿರ ಓದು, ಸಂಪಾದನೆ, ಸಂಜೆ ಟ್ಯೂಷನ್ನಿಗೆ ಕಳಿಸುವ ಶಕ್ತಿಯ ಬಗ್ಗೆ. 2023–24ರಲ್ಲಿ 6ನೇ ತರಗತಿ ಗಣಿತದಲ್ಲಿ ಪ್ರಾಂತ್ಯದ ಮಟ್ಟ ಮುಟ್ಟಿದವರು ಇಡೀ ಒಂಟಾರಿಯೊದಲ್ಲಿ ಅರ್ಧದಷ್ಟು ಮಕ್ಕಳು. ಹಾಗಾಗಿ ಗಣಿತದ ಚಿಂತೆ ಪಬ್ಲಿಕ್‌ಗೂ ಇದೆ, ಕ್ಯಾಥೊಲಿಕ್‌ಗೂ ಇದೆ. ನಮ್ಮ ಜನ ಹೇಗೂ ಮನೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುತ್ತಾರೆ, ಬಿಡಿ.

ಇ.ಕ್ಯೂ.ಎ.ಓ. ಫಲಿತಾಂಶವನ್ನೇ ನೋಡಬೇಕೆಂದಿದ್ದರೆ ಒಂದೇ ಶಾಲೆಯ ನಾಲ್ಕೈದು ವರ್ಷದ್ದನ್ನು ಒಟ್ಟಿಗೆ ಇಟ್ಟು ನೋಡಿ. ಜೊತೆಗೆ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಎಷ್ಟಿದ್ದಾರೆ ಎಂಬ ಅಂಕಿಯನ್ನೂ ಓದಿ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ತುಂಬಿರುವ ಶಾಲೆ ನಡುವಿನ ಅಂಕ ತೆಗೆಯುತ್ತಿದೆ ಎಂದರೆ ಅಲ್ಲಿನ ಟೀಚರುಗಳು ಕೆಲಸ ಮಾಡುತ್ತಿದ್ದಾರೆ ಎಂದರ್ಥ. ನಾನಾದರೆ ಅಂಥ ಶಾಲೆಯನ್ನು ಮೊದಲು ನೋಡುತ್ತೇನೆ.

"ಶಿಸ್ತು" ಎಂದು ಏಜೆಂಟ್ ಹೇಳಿದ್ದು ಬಹುಪಾಲು ಸಮವಸ್ತ್ರದ ಮಾತು. ಈ ಭಾಗದ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಸಮವಸ್ತ್ರ ಸಾಮಾನ್ಯ, ಪಬ್ಲಿಕ್‌ನಲ್ಲಿ ಅಪರೂಪ. ಊರಿನಲ್ಲಿ ಟೈ ಕಟ್ಟಿ ಬೆಳೆದ ನಮಗೆ ಅದು ಕಣ್ಣಿಗೆ ಹಿತ. ಗಲಾಟೆ, ವೇಪಿಂಗ್, ಮೊಬೈಲು ಎರಡೂ ಕಡೆ ಇದೆ. ಒಂದು ಶಾಲೆ ಹೇಗಿದೆ ಎಂಬುದು ಪ್ರಿನ್ಸಿಪಾಲರ ಮೇಲೆ ನಿಂತಿದೆ, ಅವರನ್ನು ಬೋರ್ಡು ಕೆಲವು ವರ್ಷಕ್ಕೊಮ್ಮೆ ಬೇರೆ ಶಾಲೆಗೆ ವರ್ಗ ಮಾಡುತ್ತದೆ. ಬೋರ್ಡಿನ ಹೆಸರು ನೋಡಿ ನಂಬುವಂತೆಯೂ ಇಲ್ಲ. 2025ರ ಜೂನ್‌ನಲ್ಲಿ ಪ್ರಾಂತ್ಯ ಸರ್ಕಾರ ಹಣಕಾಸಿನ ಕಾರಣ ಕೊಟ್ಟು ನಾಲ್ಕು ಬೋರ್ಡುಗಳ ಆಡಳಿತವನ್ನು ತಾನೇ ವಹಿಸಿಕೊಂಡಿತು. ಅವುಗಳಲ್ಲಿ ಪಬ್ಲಿಕ್ ಎರಡು, ಕ್ಯಾಥೊಲಿಕ್ ಎರಡು. ಡಫರಿನ್-ಪೀಲ್ ಕೂಡ ಅದರಲ್ಲೊಂದು.

ಮಿಲ್ಟನ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಅಲ್ಲಿ ಶಾಲೆಯ ಸಮಸ್ಯೆ ಧರ್ಮದ್ದಲ್ಲ, ಜಾಗದ್ದು. 2001ರ ಜನಗಣತಿಯಲ್ಲಿ ಅಲ್ಲಿ ಇದ್ದವರು 31 ಸಾವಿರ ಚಿಲ್ಲರೆ. 2021ರಲ್ಲಿ ಸುಮಾರು 1 ಲಕ್ಷ 33 ಸಾವಿರ. ಬಂದವರಲ್ಲಿ ಹೆಚ್ಚಿನವರು ನಿಮ್ಮಂಥ ಎಳೆ ಮಕ್ಕಳ ಸಂಸಾರಗಳು. ಮನೆಗಳು ಏಳುವ ವೇಗಕ್ಕೆ ಶಾಲೆಗಳು ಏಳುವುದಿಲ್ಲ. ಬಡಾವಣೆಯ ನಕ್ಷೆಯಲ್ಲಿ ಬಿಲ್ಡರ್ ಶಾಲೆಗೆಂದು ಜಾಗ ಬಿಟ್ಟಿರುತ್ತಾನೆ, ಅದನ್ನು ಕೊಳ್ಳಲು ಬೋರ್ಡಿಗೆ ಒಂದು ಅವಧಿ ಇರುತ್ತದೆ. ಕಟ್ಟಡಕ್ಕೆ ದುಡ್ಡು ಮಂಜೂರು ಮಾಡುವುದು ಶಿಕ್ಷಣ ಇಲಾಖೆ. ಮಂಜೂರಾತಿ ಬರಲಿಲ್ಲವೆಂದರೆ ಸೈಟಿನಲ್ಲಿ ವರ್ಷಗಟ್ಟಲೆ ಹುಲ್ಲು ಬೆಳೆಯುತ್ತದೆ. ಬೋರ್ಡಿಗೇ ಬೇಡವಾದರೆ ಅಲ್ಲೂ ಮನೆ ಬರಬಹುದು. ಅಷ್ಟರವರೆಗೆ ನಿಮ್ಮ ಮಕ್ಕಳನ್ನು ಊರಿನ ಇನ್ನೊಂದು ತುದಿಯ ಶಾಲೆಗೆ ಬಸ್ಸಿನಲ್ಲಿ ಕಳಿಸುತ್ತಾರೆ. ಹೋಲ್ಡಿಂಗ್ ಸ್ಕೂಲ್ ಎನ್ನುವುದು ಇದನ್ನೇ. ಅಲ್ಲಿ ಹೋದರೆ ಮೈದಾನದ ತುಂಬ ಪೋರ್ಟಬಲ್, ಎಂದರೆ ತಂದಿಟ್ಟ ತಾತ್ಕಾಲಿಕ ಕೋಣೆಗಳು. ಪೋರ್ಟಬಲ್ಲಿನಲ್ಲಿ ಪಾಠ ಕೆಟ್ಟದಾಗೇನೂ ನಡೆಯುವುದಿಲ್ಲ, ಆದರೆ ಶೌಚಾಲಯಕ್ಕೆಂದು ಜನವರಿಯ ಚಳಿಯಲ್ಲಿ ಮುಖ್ಯ ಕಟ್ಟಡಕ್ಕೆ ಓಡಬೇಕು.

ಇದನ್ನು ಯಾರೂ ಮುಚ್ಚಿಡುವುದಿಲ್ಲ, ತಮಾಷೆ ಅದೇ. ಹೊಸ ಮನೆಯ ಕರಾರುಪತ್ರದ ಹಿಂದಿನ ಪುಟಗಳಲ್ಲಿ, ಈ ಭಾಗದ ಶಾಲೆಗಳಲ್ಲಿ ಜಾಗ ಸಿಗುತ್ತದೆಂಬ ಖಾತರಿ ಇಲ್ಲ, ಮಕ್ಕಳನ್ನು ಬೇರೆ ಕಡೆಗೆ ಬಸ್ಸಿನಲ್ಲಿ ಕಳಿಸಬೇಕಾಗಬಹುದು ಎಂಬ ಅರ್ಥದ ಎಚ್ಚರಿಕೆಯನ್ನು ಬೋರ್ಡುಗಳೇ ಬಿಲ್ಡರಿಂದ ಬರೆಸಿರುತ್ತವೆ. ಅಡುಗೆಮನೆಯ ಗ್ರಾನೈಟ್ ಬಣ್ಣಕ್ಕೆ ಎರಡು ಶನಿವಾರ ಕೊಡುವ ನಾವು ಆ ಪುಟ ತಿರುವಿ ನೋಡುವುದಿಲ್ಲ. ನಿಮ್ಮ ಲಾಯರಿಗೆ ಆ ಸಾಲನ್ನು ತೋರಿಸಿ ಓದಿಸಿ.

ಹಳೆಯ ಬಡಾವಣೆಯ ಮೊದಲ ಮನೆಗೂ ಇದರ ಬಿಸಿ ತಪ್ಪಿದ್ದಲ್ಲ. ಹೊಸ ಶಾಲೆ ಬಂದಾಗಲೆಲ್ಲ ಬೋರ್ಡು ಸುತ್ತಲಿನ ಶಾಲೆಗಳ ಗಡಿಗೆರೆಯನ್ನು ಮತ್ತೆ ಎಳೆಯುತ್ತದೆ. ರಸ್ತೆಯ ಈಚೆಗಿನವರು ಒಂದು ಶಾಲೆ, ಆಚೆಗಿನವರು ಇನ್ನೊಂದು. ಕ್ಯಾಥೊಲಿಕ್ ಶಾಲೆಗಳ ಸಂಖ್ಯೆ ಕಡಿಮೆ, ಒಂದೊಂದರ ವ್ಯಾಪ್ತಿ ದೊಡ್ಡದು. ಹೀಗಾಗಿ ಮನೆಯಿಂದ ಕಾಣುವ ಕ್ಯಾಥೊಲಿಕ್ ಶಾಲೆಯೇ ನಿಮ್ಮದಾಗಿರುತ್ತದೆ ಎಂದು ಭಾವಿಸಬೇಡಿ. ಬೋರ್ಡಿನ ಜಾಲತಾಣದಲ್ಲಿ ಮನೆ ನಂಬರು ಹಾಕಿ ನೋಡಿದರೆ ಇವತ್ತಿನ ಉತ್ತರ ಸಿಗುತ್ತದೆ. ನಾಳೆಯ ಉತ್ತರಕ್ಕೆ ಬೋರ್ಡಿನ ದೀರ್ಘಾವಧಿ ಜಾಗ ಯೋಜನೆಯ ವರದಿ ತೆರೆಯಬೇಕು. ಹಾಲ್ಟನ್‌ನ ಎರಡು ಬೋರ್ಡುಗಳೂ ಅದನ್ನು ಹೊರಗೆ ತರುತ್ತವೆ. ನೀರಸ ದಾಖಲೆ, ಆದರೆ ಮನೆ ಕೊಳ್ಳುವವರಿಗೆ ಅದಕ್ಕಿಂತ ಉಪಯೋಗದ ಓದು ಇಲ್ಲ. ಒಂದೊಂದು ಶಾಲೆಯ ಕಟ್ಟಡ ಎಷ್ಟು ಮಕ್ಕಳಿಗೆ, ಈಗಿರುವವರು ಎಷ್ಟು, ಮುಂದಿನ ವರ್ಷಗಳ ಅಂದಾಜೇನು ಎಲ್ಲ ಅಲ್ಲಿರುತ್ತದೆ. ನೂರಕ್ಕೆ ನೂರು ದಾಟಿ ಮೇಲೇರುತ್ತಲೇ ಇರುವ ಶಾಲೆಯ ಗಡಿ ಸರಿಯುವ ಸಂಭವ ಹೆಚ್ಚು. ತೊಂಬತ್ತರ ಆಸುಪಾಸಿನಲ್ಲಿ ನಿಂತಿರುವ ಶಾಲೆ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ತೆರಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆ ಕೊಂಡ ದಿನ ಈ ಪ್ರಶ್ನೆ ಬರುತ್ತದೆ. ಆಸ್ತಿ ತೆರಿಗೆಯಲ್ಲಿ ಶಿಕ್ಷಣದ ಒಂದು ಭಾಗ ಇರುತ್ತದೆ. ಮನೆಗಳಿಗೆ ಅದರ ದರ 2020ರಿಂದ ಶೇ. 0.153, 6 ಲಕ್ಷ ಡಾಲರ್ ಎಂದು ಮೌಲ್ಯಮಾಪನವಾದ ಮನೆಗೆ 918 ಡಾಲರ್. ತೆರಿಗೆಯ ದಾಖಲೆಯಲ್ಲಿ ನೀವು ಪಬ್ಲಿಕ್ ಬೋರ್ಡಿನ ಬೆಂಬಲಿಗರೆಂದು ಬರೆಸಿದರೂ ಕ್ಯಾಥೊಲಿಕ್ ಬೋರ್ಡಿನ ಬೆಂಬಲಿಗರೆಂದು ಬರೆಸಿದರೂ ಮೊತ್ತ ಅಷ್ಟೇ. ಏನೂ ಹೇಳದಿದ್ದರೆ ಇಂಗ್ಲಿಷ್ ಪಬ್ಲಿಕ್ ಎಂದು ದಾಖಲಾಗುತ್ತದೆ. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗೆ ಸೇರಿಸುವವರು ಬೆಂಬಲವನ್ನು ಆ ಬೋರ್ಡಿಗೆ ಬದಲಿಸುವ ಫಾರ್ಮ್ ತುಂಬಬೇಕು, ಅದನ್ನು ಕ್ಯಾಥೊಲಿಕ್ ಆದವರೇ ಮಾಡಬೇಕು, ಬಾಡಿಗೆಗೆ ಇರುವವರೂ ಮಾಡಬಹುದು. ಸ್ಥಳೀಯ ಚುನಾವಣೆಯಲ್ಲಿ ಯಾವ ಬೋರ್ಡಿನ ಟ್ರಸ್ಟಿಗೆ, ಎಂದರೆ ಚುನಾಯಿತ ಸದಸ್ಯರಿಗೆ, ಮತ ಹಾಕುತ್ತೀರಿ ಎಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ.

ಈಗ ನಿಮ್ಮ ಹೆಂಡತಿಯ ಅಳುಕು. ಅದನ್ನು ಪಕ್ಕಕ್ಕೆ ಸರಿಸಬೇಡಿ, ಇಡೀ ಪತ್ರದಲ್ಲಿ ತೂಕದ ಮಾತು ಅದೇ. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ಧರ್ಮ ಎಂದರೆ ವಾರಕ್ಕೊಂದು ಪಿರಿಯಡ್ ಅಲ್ಲ. ಬೆಳಗಿನ ಪ್ರಾರ್ಥನೆಯಿಂದ ಹಿಡಿದು ಕ್ರಿಸ್ಮಸ್ ಮುಂಚಿನ ಆಡ್ವೆಂಟ್, ಈಸ್ಟರ್ ಮುಂಚಿನ ತಪಸ್ಸುಕಾಲ, ಶಾಲೆಯ ಬಲಿಪೂಜೆಯವರೆಗೆ ವರ್ಷದ ಲಯವೇ ಅದು. ಹೈಸ್ಕೂಲಿನಲ್ಲಿರುವ ವಿನಾಯಿತಿಯ ಹಕ್ಕು ಇಲ್ಲಿ ಇಲ್ಲ. 2ನೇ ತರಗತಿಗೆ ಬಂದಾಗ ಸಹಪಾಠಿಗಳೆಲ್ಲ ಮೊದಲ ಪರಮಪ್ರಸಾದಕ್ಕೆ (ಫಸ್ಟ್ ಕಮ್ಯೂನಿಯನ್) ಸಿದ್ಧರಾಗುತ್ತಾರೆ. ಬಿಳಿ ಉಡುಪು, ಫೋಟೊ, ಮನೆಮನೆಯಲ್ಲಿ ಪಾರ್ಟಿ. ದೀಕ್ಷಾಸ್ನಾನ ಆಗದ ನಿಮ್ಮ ಮಗ ಅದರ ಹೊರಗೆ ನಿಲ್ಲುತ್ತಾನೆ. ಏಳು ವರ್ಷದ ಹುಡುಗ ಅವತ್ತು ಮನೆಗೆ ಬಂದು "ನಂಗ್ಯಾಕಿಲ್ಲ?" ಎಂದು ಕೇಳಿದರೆ ನೀವಿಬ್ಬರೂ ಒಂದೇ ಉತ್ತರ ಕೊಡಬಲ್ಲಿರಾ? ಕೊಡಬಲ್ಲಿರಿ ಎಂದಾದರೆ ಕ್ಯಾಥೊಲಿಕ್ ಶಾಲೆ ನಿಮಗೆ ಕಷ್ಟವಲ್ಲ. ಇಲ್ಲವಾದರೆ ಶಾಲೆ ಎಷ್ಟೇ ಒಳ್ಳೆಯದಿದ್ದರೂ ಜಗಳ ಮನೆಯೊಳಗೆ ಬರುತ್ತದೆ.

ನೀವು ಭಾನುವಾರ ಚರ್ಚಿಗೆ ಹೋಗುವವರಾಗಿದ್ದು, ಮಕ್ಕಳು ನಿಮ್ಮ ಜೊತೆ ಬರುತ್ತಿದ್ದು, ಅದಕ್ಕೆ ಅವರಮ್ಮನ ಮನಸ್ಸಿನ ಒಪ್ಪಿಗೆಯೂ ಇದ್ದರೆ ಕ್ಯಾಥೊಲಿಕ್ ಶಾಲೆ ಸಹಜ ಆಯ್ಕೆ. ಕ್ರಿಸ್ಮಸ್‌ಗೊಂದು ಈಸ್ಟರಿಗೊಂದು ಎನ್ನುವ ಲೆಕ್ಕವಾದರೆ ಪಬ್ಲಿಕ್‌ಗೆ ಹಾಕಿ, ಪರಮಪ್ರಸಾದದ ತಯಾರಿಯನ್ನು ಬೇಕಾದಾಗ ಪ್ಯಾರಿಷ್‌ನಲ್ಲೇ ಮಾಡಿಸಬಹುದು. ಶಾಲೆಯ ಸೀಟಿಗೋಸ್ಕರ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ಆಲೋಚನೆ ಮಾತ್ರ ಬೇಡ. ಹಾಗೆ ಮಾಡುವವರು ಇದ್ದಾರೆ, ಪಾದ್ರಿಗಳಿಗೂ ಗೊತ್ತಾಗುತ್ತದೆ, ಶಿವಮೊಗ್ಗದ ಅಜ್ಜಿಗೂ ಗೊತ್ತಾಗುತ್ತದೆ.

ಅಕ್ಕನೊಂದು ಶಾಲೆ ತಮ್ಮನೊಂದು ಶಾಲೆ ಎಂದಾದರೆ ಬೆಳಿಗ್ಗೆ ಎರಡು ಕಡೆ ಬಿಡಬೇಕು, ಎರಡು ಶಾಲೆಗಳ ಬೆಲ್ಲಿನ ಸಮಯಕ್ಕೆ ಹೊಂದಿಸಿಕೊಳ್ಳಬೇಕು. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ನನ್ನ ಲೆಕ್ಕದಲ್ಲಿ ರೇಟಿಂಗಿಗಿಂತ ಮೊದಲು ಕೇಳಬೇಕಾದ್ದು ಆ ಶಾಲೆಯಲ್ಲೇ ಬೆಳಿಗ್ಗೆ ಸಂಜೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆಯೇ, ಅದರಲ್ಲಿ ಜಾಗ ಇದೆಯೇ ಎಂದು. ಬೇಡಿಕೆ ಇರುವಲ್ಲಿ 6ನೇ ತರಗತಿವರೆಗೆ ಇದನ್ನು ಒದಗಿಸುವುದು ಬೋರ್ಡಿನ ಹೊಣೆ, ಆದರೆ ಸರದಿ ಪಟ್ಟಿ ಉದ್ದವಿರುತ್ತದೆ. ಟೊರಾಂಟೊ ಪೇಟೆಯಲ್ಲಿ ಆಫೀಸಾದರೆ ಇನ್ನೊಂದು ಸಂಗತಿ: ಮಿಲ್ಟನ್‌ನ 'ಗೋ' ಉಪನಗರ ರೈಲು ವಾರದ ದಿನಗಳಲ್ಲಿ ಬೆಳಿಗ್ಗೆ ಆ ಕಡೆ, ಸಂಜೆ ಈ ಕಡೆ ಮಾತ್ರ. ಮಧ್ಯಾಹ್ನ ಶಾಲೆಯಿಂದ "ಮಗುವಿಗೆ ಜ್ವರ" ಎಂದು ಫೋನ್ ಬಂದರೆ ಬಸ್ಸೇ ಗತಿ. ಫ್ರೆಂಚ್ ಇಮ್ಮರ್ಷನ್, ಎಂದರೆ ಪಾಠಗಳನ್ನು ಫ್ರೆಂಚಿನಲ್ಲೇ ಕಲಿಸುವ ತರಗತಿಯ ಆಸೆಯಿದ್ದರೆ ಅದು ಮುಖ್ಯವಾಗಿ ಮಗನಿಗೆ, ಸೇರುವುದು ಸಾಮಾನ್ಯವಾಗಿ ಕೆಳ ತರಗತಿಯಲ್ಲಿ. ಸೇರುವ ತರಗತಿ ಬೋರ್ಡಿಗೊಂದು ರೀತಿ, ನಡೆಯುವುದೂ ಎಲ್ಲ ಶಾಲೆಗಳಲ್ಲಲ್ಲ.

ನನ್ನ ಸಲಹೆ, ಮಿಲ್ಟನ್‌ಗೇ ಹೋಗುವುದಾದರೆ ಮೊದಲು ಒಂದು ವರ್ಷ ಬಾಡಿಗೆಗೆ ಹೋಗಿ. ಬಾಡಿಗೆ ಕರಾರಿನ ಮೇಲೂ ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಅದಾಗದು, ಕೊಳ್ಳಲೇಬೇಕು ಎಂದಾದರೆ ಈ ಎರಡೂ ಮನೆ ಬಿಟ್ಟು, ಹತ್ತು ಹದಿನೈದು ವರ್ಷ ಹಳೆಯ ಬಡಾವಣೆಯಲ್ಲಿ, ಈಗಾಗಲೇ ನಿಂತಿರುವ ಪಬ್ಲಿಕ್ ಶಾಲೆಗೆ ಮಗಳು ನಡೆದು ಹೋಗುವಷ್ಟು ದೂರದಲ್ಲಿ ಮೂರನೆಯದೊಂದನ್ನು ಹುಡುಕಿ. ಅಂಥ ಕಡೆ ಕ್ಯಾಥೊಲಿಕ್ ಶಾಲೆಯೂ ದೂರವಿರುವುದಿಲ್ಲ.

ಅಲ್ಲಿಯವರೆಗೆ ಮಗನ ಜೆಕೆ ನೋಂದಣಿಯನ್ನು ತಡೆಹಿಡಿಯಬೇಡಿ. ಸೆಪ್ಟೆಂಬರಿನ ಸೇರ್ಪಡೆಗೆ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲೇ ನೋಂದಣಿ ಶುರು. ಈಗಿನ ವಿಳಾಸದಲ್ಲೇ ಮಾಡಿಸಿ, ಮನೆ ಬದಲಾದಾಗ ಶಾಲೆ ಬದಲಿಸಿಕೊಳ್ಳಬಹುದು. ಲಸಿಕೆಯ ಕಾರ್ಡ್ ತೆಗೆದು ನೋಡಿ: ಇಲ್ಲಿನ ಶಾಲೆಗಳು ಕೇಳುವ ಸೀತಾಳೆ ಸಿಡುಬಿನ, ಎಂದರೆ ಚಿಕನ್‌ಪಾಕ್ಸಿನ ಲಸಿಕೆ ಮತ್ತು ಮೆನಿಂಜೊಕಾಕಲ್ ಲಸಿಕೆ ಭಾರತದ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಇಲ್ಲ. ಮತ್ತೆ, ಯಾವ ಶಾಲೆ ಆರಿಸಿದರೂ ಸರಿ, ಊರಿನಲ್ಲಿರುವ ಯಾರಿಗಾದರೂ ಹೇಳಿ ನಿಮ್ಮ ಇಗರ್ಜಿಯ ಕಚೇರಿಯಿಂದ ನಿಮ್ಮ ದೀಕ್ಷಾಸ್ನಾನದ ಸರ್ಟಿಫಿಕೇಟ್ ತೆಗೆಸಿಟ್ಟುಕೊಳ್ಳಿ. ಮೂಲ ಪುಸ್ತಕ ಇರುವುದು ನಿಮಗೆ ದೀಕ್ಷಾಸ್ನಾನ ಆದ ಇಗರ್ಜಿಯಲ್ಲೇ. ಹುಟ್ಟಿದ ವರ್ಷ, ಅಪ್ಪ ಅಮ್ಮನ ಹೆಸರು, ಜ್ಞಾನ ತಂದೆ ತಾಯಿಯರ ಹೆಸರು ಬರೆದು ಕಳಿಸಿದರೆ ಹುಡುಕುವವರಿಗೆ ಸುಲಭ.